ಹಿತ್ತಿಲಿಗೆ ನಾಲ್ಕು ಮೆಟ್ಟಿಲು

ಮನೆ ಕೊಳ್ಳುವ ಮೊದಲು ನಾನು ಎಲ್ಲವನ್ನೂ ನೋಡಿದ್ದೆ. ನಲ್ಲಿ ತಿರುಗಿಸಿ ನೋಡಿದ್ದೆ, ಗೋಡೆ ತಟ್ಟಿ ನೋಡಿದ್ದೆ, ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ಕುಕ್ಕರುಗಾಲಲ್ಲಿ ಕೂತು ನೋಡಿದ್ದೆ. ಮಾರುವವನು ಬೇಸತ್ತು, "ಏನಮ್ಮ, ಮನೆ ತಗೊಳ್ತೀರೋ ಇಲ್ಲ ಬರೀ ಪರೀಕ್ಷೆ ಮಾಡ್ತೀರೋ?" ಎಂದು ಕೇಳಿದ್ದ. ಹಿಂಬಾಗಿಲು ತೆಗೆದು ಹಿತ್ತಿಲು ಕಂಡಿದ್ದೇ ತಡ, "ಇದು ನಮ್ಮ ಅತ್ತೆಗೆ" ಎಂದು ಅಲ್ಲೇ ಸಾರಿಬಿಟ್ಟೆ. ಇಷ್ಟೆಲ್ಲ ನೋಡಿದ ಮಹಾಬುದ್ಧಿವಂತೆ ಆ ಬಾಗಿಲಿನಿಂದ ಹಿತ್ತಿಲಿಗೆ ಇಳಿಯುವ ಮೆಟ್ಟಿಲು ಎಣಿಸಲಿಲ್ಲ. ನಾಲ್ಕಿದ್ದವು. ಅತ್ತೆ ಇದ್ದದ್ದು ಗಾಲಿಕುರ್ಚಿಯಲ್ಲಿ.

ನಮ್ಮತ್ತೆ ನಲವತ್ತು ವರ್ಷ ಟೈಲರ್ ಆಗಿದ್ದವರು. ಮಹಡಿ ಮೆಟ್ಟಿಲ ಕೆಳಗಿನ, ಕಿಟಕಿಯಿಲ್ಲದ ಒಂದು ಗೂಡಿನಲ್ಲಿ ಮೆಷಿನ್ ತುಳಿದು ಇಬ್ಬರು ಗಂಡುಮಕ್ಕಳನ್ನು ಓದಿಸಿದರು. "ಒಂದು ಚೂರು ಮಣ್ಣು, ಒಂದು ಚೂರು ಬಿಸಿಲು ಇದ್ರೆ ಸಾಕಪ್ಪ" ಎನ್ನುವುದು ಅವರ ಹಳೆಯ ಮಾತು. ಎರಡು ವರ್ಷದ ಹಿಂದೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ನಡಿಗೆ ವಾಪಸ್ ಬರಲಿಲ್ಲ. ಹೊಸ ಮನೆಯ ಮುಂಬಾಗಿಲಿಗೆ ಮೆಟ್ಟಿಲೇನೋ ಇರಲಿಲ್ಲ, ಆದರೆ ಅದು ತೆರೆಯುವುದು ನೇರ ಬಸ್ಸು ಓಡುವ ರಸ್ತೆಗೆ. ಮಣ್ಣು, ಬಿಸಿಲು ಎರಡೂ ಇದ್ದದ್ದು ಹಿಂದೆ, ಎರಡು ಅಡಿ ಕೆಳಗೆ.

ಮೊದಲ ವಾರ ನನ್ನ ಗಂಡನೂ ಅವರ ಅಣ್ಣನೂ, ಅಂದರೆ ನಮ್ಮ ಭಾವ, ಸೇರಿ ಅತ್ತೆಯನ್ನು ಕುರ್ಚಿಸಮೇತ ಎತ್ತಿ ಇಳಿಸಲು ಹೋದರು. ಮೂರನೆಯ ಮೆಟ್ಟಿಲಲ್ಲಿ ಭಾವನ ಕೈ ಜಾರಿತು, ಕುರ್ಚಿ ವಾಲಿತು. ಅತ್ತೆ ಬೀಳಲಿಲ್ಲ, ಆದರೆ ಮುಖ ಬಿಳಿಚಿಕೊಂಡಿತು. ಮೇಲೆ ಬಂದ ಮೇಲೆ ಸೆರಗು ಸರಿಮಾಡಿಕೊಂಡು, "ನಾನೇನು ಸಿಮೆಂಟ್ ಮೂಟೆ ಅಲ್ಲ. ಇನ್ಮೇಲೆ ಯಾರೂ ನನ್ನ ಎತ್ತೋದು ಬೇಡ" ಎಂದರು. ಅವತ್ತಿನಿಂದ ಹಿಂಬಾಗಿಲ ಹೊಸ್ತಿಲವರೆಗೆ ಬಂದು ಹಿತ್ತಿಲನ್ನು ನೋಡುತ್ತಾ ಕೂರುವುದು, ಹಿಂದಿರುಗಿ ಹೋಗುವುದು. ಅದನ್ನು ನೋಡಲಾಗದೆ ನಾನು ಅಡುಗೆಮನೆ ಸೇರುತ್ತಿದ್ದೆ.

ಭಾವನಿಗೂ ತಡೆಯಲಾಗಲಿಲ್ಲ. "ಅಮ್ಮ, ನಮ್ಮ ಫ್ಲ್ಯಾಟಿಗೆ ಬಂದುಬಿಡು. ಲಿಫ್ಟ್ ಇದೆ, ಕೆಳಗೆ ಪಾರ್ಕ್ ಇದೆ" ಎಂದರು. ಅತ್ತೆ ಒಪ್ಪಿಕೊಂಡರು! ನಾಲ್ಕು ವಾರ ಬಿಟ್ಟು ಬರುವ ಭಾನುವಾರಕ್ಕೆ ಕಾರು ತರುವುದಾಗಿ ಭಾವ ಹೇಳಿಹೋದರು. ಅತ್ತೆಯ ಬ್ಯಾಗು ಆ ಸಂಜೆಯೇ ಮಂಚದ ಪಕ್ಕಕ್ಕೆ ಬಂತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಊರಿಗೆಲ್ಲ ಗೊತ್ತು. ಆದರೆ ಈ ಸಲ ಯಾರ ಮೇಲೆ ರೇಗಲಿ? ಎಣಿಸದೆ ಬಂದವಳು ನಾನೇ. ಅತ್ತೆಯ ಮುಂದೆ ಹೋಗಿ ನಿಂತೆ.

"ನೀವು ಹೋಗಬಾರದು. ನಾನು ರ‍್ಯಾಂಪ್ ಮಾಡ್ತೀನಿ."

"ನೀನಾ? ಸ್ಕೂಲ್ ವ್ಯಾನ್ ಓಡಿಸೋಳು ಯಾವಾಗಿಂದ ಮೇಸ್ತ್ರಿ ಆದೆ?"

"ಇವತ್ತಿಂದ."

ಅತ್ತೆ ಬೆರಳೆತ್ತಿದರು. "ಹಾಗಾದ್ರೆ ಕೇಳು. ನಾನೊಬ್ಬಳೇ ಇಳಿಬೇಕು, ನಾನೊಬ್ಬಳೇ ಹತ್ತಬೇಕು. ಅಷ್ಟಾದ್ರೆ ಇರ್ತೀನಿ. ಯಾರಾದ್ರೂ ಕೈ ಹಚ್ಚಿದ್ರೋ, ಬ್ಯಾಗ್ ತಗೊಂಡ್ ಹೊರಟೆ."

ನನ್ನ ಗಂಡನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೆರಳುದ್ದದ ಸ್ಕ್ರೂಡ್ರೈವರಿಗಿಂತ ದೊಡ್ಡ ಆಯುಧ ಹಿಡಿದವರಲ್ಲ. "ಒಬ್ಬ ಮೇಸ್ತ್ರೀನ ಕರೆಸೋಣ್ವಾ?" ಎಂದರು. ಕರೆಸಿದೆವು. ಬಂದವನು ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತಾ, "ಇಷ್ಟು ಸಣ್ಣ ಕೆಲಸಕ್ಕೆ ಎರಡು ತಿಂಗಳು ಬಿಟ್ಟು ನೋಡೋಣ" ಎಂದು ಹೋದ. ಸರಿ, ನಾವೇ!

ಮೊದಲ ಶನಿವಾರ ಎರಡು ದಪ್ಪ ಹಲಗೆ ತಂದು ಮೆಟ್ಟಿಲ ಮೇಲೆ ಹಾಸಿ ಮೊಳೆ ಹೊಡೆದೆವು. ಅತ್ತೆ ಕೂರುವ ಮುನ್ನ ನಾನೇ ಕೂತು ನೋಡುತ್ತೇನೆಂದು ಕುರ್ಚಿ ಏರಿದೆ. "ಬಿಡ್ಲಾ?" ಎಂದು ಗಂಡ ಕೇಳಿದರು. "ಬಿಡ್ರೀ!" ಎಂದೆ. ಮುಂದೆ ನನಗೆ ನೆನಪಿರುವುದು ಗಾಳಿ, ಆಮೇಲೆ ಬಾಯ್ತುಂಬ ಮಣ್ಣು. ಬೇಲಿಯಾಚೆಯಿಂದ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ದನಿ ಬಂತು.

"ಚೆನ್ನಾಗಿದೆ. ಆದ್ರೆ ಕಡಿದಾಯ್ತು."

ಈ ಮೇಷ್ಟ್ರಿಗೆ ‘ಆದ್ರೆ’ ಇಲ್ಲದೆ ಮಾತು ಮುಗಿಯದು. ಹಿಂದಿನ ದಿನವಷ್ಟೇ ನಮ್ಮ ಕಿಟಕಿಯ ಹೊಸ ಸರಳು ನೋಡಿ "ಒಳ್ಳೇ ಸರಳು, ಆದ್ರೆ ತುಕ್ಕು ಹಿಡಿಯುತ್ತೆ" ಎಂದಿದ್ದರು. ನಾವಿಬ್ಬರೂ ಅವರಿಗೆ ಆದ್ರೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದೆವು. ಅವತ್ತು ನಾನು ಮಣ್ಣು ಉಗುಳುತ್ತಾ ಅವರ ಕಡೆ ನೋಡಿದ ನೋಟಕ್ಕೆ ಅವರು ಒಳಗೆ ಹೋಗಿಬಿಟ್ಟರು.

ಮಾರನೆಯ ದಿನ ನನ್ನ ಗಂಡ ಸದ್ದಿಲ್ಲದೆ ಅತ್ತೆಯ ಆಪರೇಷನ್ ಆದ ಆಸ್ಪತ್ರೆಗೆ ಹೋಗಿ, ಅಲ್ಲಿನ ರ‍್ಯಾಂಪನ್ನು ಟೇಪು ಹಿಡಿದು ಅಳೆದುಕೊಂಡು ಬಂದರು. ಮೆತ್ತಗಿನ ಮನುಷ್ಯ, ಆದರೆ ಹಿಡಿದ ಕೆಲಸ ಬಿಡುವವರಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮದು ಎರಡು ಅಡಿ, ಅಂದರೆ ಇಪ್ಪತ್ನಾಲ್ಕು. ಬಾಗಿಲಿನಿಂದ ಹಿಂದಿನ ಕಾಂಪೌಂಡಿಗೆ ಅಳೆದರೆ ಇದ್ದದ್ದು ಹದಿನಾಲ್ಕು! ಅಡ್ಡಕ್ಕೆ ಅಳೆದೆವು. ಅಲ್ಲಿ ಇಪ್ಪತ್ನಾಲ್ಕು ಸಿಕ್ಕಿತು, ಆದರೆ ಬಾಗಿಲ ಮುಂದೆ ಕುರ್ಚಿ ನಿಲ್ಲಲು ಐದು ಅಡಿ ಕಟ್ಟೆ ಬಿಟ್ಟರೆ ಉಳಿಯುವುದು ಹತ್ತೊಂಬತ್ತು. ಎಲ್ಲಿ ಎಳೆದರೂ ಸಾಲದು. ಊಟದ ಮೇಜಿನ ಮೇಲೆ ಹಾಳೆ ಹರಡಿ, ಗೀಚಿ, ಹರಿದು, ಕೊನೆಗೆ ಕೈಚೆಲ್ಲಿ ಕೂತೆವು. ನನಗೆ ಅಳುವೇ ಬಂತು.

ಅತ್ತೆ ಬಾಗಿಲ ಬಳಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ತಮ್ಮ ಹಳೆಯ ಅಳತೆಪಟ್ಟಿಯನ್ನು ಕೊರಳಿನಿಂದ ತೆಗೆದರು. ಅಂಗಡಿ ಮುಚ್ಚಿ ವರ್ಷಗಳಾದರೂ ಅದು ಅವರ ಕೊರಳಲ್ಲೇ ಇರುತ್ತಿತ್ತು.

"ಉದ್ದ ಜಾಸ್ತಿ, ಜಾಗ ಕಮ್ಮಿ. ಇದೇ ತಾನೆ ನಿಮ್ಮ ಗೋಳು?" ಎಂದು ಪಟ್ಟಿಯನ್ನು ಮೇಜಿನ ಮೇಲೆ ಚಾಚಿ, ನಡುವೆ ಬೆರಳಿಟ್ಟು, ಹಿಂದಕ್ಕೆ ಮಡಚಿದರು. "ನೆರಿಗೆ ಹಿಡಿ."

ನಾವಿಬ್ಬರೂ ಆ ಮಡಿಕೆಯನ್ನೇ ನೋಡಿದೆವು. ಗೋಡೆ ಬದಿಗೆ ಹನ್ನೆರಡು ಅಡಿ ಹೋಗಿ, ಒಂದು ಕಟ್ಟೆಯಲ್ಲಿ ತಿರುಗಿ, ಪಕ್ಕದಲ್ಲೇ ಹನ್ನೆರಡು ಅಡಿ ವಾಪಸ್! ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅತ್ತೆಯ ಕೆನ್ನೆಗೆ ಒಂದು ಮುತ್ತು ಕೊಟ್ಟೇಬಿಟ್ಟೆ.

"ಸಾಕು ಸಾಕು. ಅಲ್ಲ ಕಣೇ, ಅಳತೆ ತಗೊಳ್ಳದೆ ಬಟ್ಟೆ ಕತ್ತರಿಸೋಕೆ ಹೊರಟಿದ್ಯಲ್ಲ. ನಿನ್ನೆಯಿಂದ ಕುಟ್ತಾ ಇದ್ದೀರಿ, ಹಾಕ್ಕೊಳ್ಳೋಳು ನಾನು. ಒಬ್ರಾದ್ರೂ ನನ್ನ ಅಳತೆ ಕೇಳಿದ್ರಾ?"

ಮುಖಕ್ಕೆ ಹೊಡೆದ ಹಾಗಾಯಿತು. ಹೌದಲ್ಲ! ಅವರಿಗಾಗಿ ಅಂತ ಮನೆ ನೋಡಿದೆ, ಅವರನ್ನು ಕೇಳಲಿಲ್ಲ. ಅವರಿಗಾಗಿ ಅಂತ ಹಲಗೆ ಹೊಡೆದೆ, ಅವರನ್ನು ಕೇಳಲಿಲ್ಲ. ನಾಲಿಗೆ ಕಚ್ಚಿಕೊಂಡು, "ಹೇಳಿ ಅತ್ತೆ, ಏನು ಮಾಡ್ಲಿ?" ಎಂದೆ.

ಆಮೇಲೆ ಮನೆಯಲ್ಲಿ ಅತ್ತೆಯೇ ಟೈಲರ್ ಮಾಸ್ಟರ್, ನಾವಿಬ್ಬರು ಕೂಲಿಗಳು. ನಡುಮನೆಯ ಒಂದು ಮೂಲೆಗೆ ನೀರು ಚೆಲ್ಲಿಸಿದರು. ಒದ್ದೆ ಗಾಲಿಯಲ್ಲಿ ಒಣನೆಲದ ಮೇಲೆ ಒಂದು ಸುತ್ತು ತಿರುಗಿದರು. ಮೂಡಿದ ಗುರುತಿನ ಸುತ್ತ ಟೈಲರ್ ಚಾಕಿನಿಂದ ಗೆರೆ ಎಳೆಸಿ, "ತಿರುಗೋ ಕಟ್ಟೆ ಇದಕ್ಕಿಂತ ಒಂದು ಗೇಣು ದೊಡ್ಡದಿರಲಿ" ಎಂದರು. ತೋಳು ಚಾಚಿ ಅಗಲ ಕೊಟ್ಟರು. ಹಿತ್ತಿಲಲ್ಲಿ ಬೇಕೆಂದ ಹೂಗಿಡದ ಪಾತಿಗೆ ಮೊಣಕೈ ಎತ್ತರ ಕೊಟ್ಟರು: "ನಾನು ಬಗ್ಗಲ್ಲ, ಮಣ್ಣೇ ಮೇಲೆ ಬರಲಿ."

ಸಿಮೆಂಟ್ ಕಲಸಲು ಹೊರಟರೆ ಗದರಿದರು. "ಮೊದಲು ಕಚ್ಚಾ ಹೊಲಿಗೆ! ಟ್ರಯಲ್ ನೋಡದೆ ಯಾರಾದ್ರೂ ಪಕ್ಕಾ ಹೊಲೀತಾರಾ?" ಗಾರೆಯಿಲ್ಲದೆ ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಹಾಸಿದೆವು. ಟ್ರಯಲ್ ಕೊಡುವ ಬೊಂಬೆ ನಾನು. ಕಾಲು ಆಡಿಸಬಾರದೆಂದು ದುಪಟ್ಟಾದಿಂದ ಕಟ್ಟಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ಅತ್ತೆ ಊಟದ ಮೇಜಿನ ಕುರ್ಚಿಯಲ್ಲಿ ಕೂತು, ಕಣ್ಣು ಕಿರಿದು ಮಾಡಿ, "ಹತ್ತು. ನಿಲ್ಲು. ತಿರುಗು" ಎನ್ನುತ್ತಿದ್ದರು. ಎರಡು ಕಡೆ ಅಂಚಿಗೆ ಗಾಲಿ ಜಾರಿತು. ಅಲ್ಲಿ ಇಟ್ಟಿಗೆಯ ದಂಡೆ ಬೇಕೆಂದು ಗೊತ್ತಾಯಿತು. ಏದುಸಿರು ಬಿಡುತ್ತಾ ಮೇಲೆ ಬಂದರೆ ಮುಂಗಾಲಿ ಹೊಸ್ತಿಲಿಗೆ ಢಿಕ್ಕಿ ಹೊಡೆದು ನಿಂತಿತು. ಎರಡು ಅಂಗುಲದ ಹೊಸ್ತಿಲು! ಯಾರ ಲೆಕ್ಕದಲ್ಲೂ ಅದು ಇರಲಿಲ್ಲ.

"ನೋಡಿದ್ಯಾ?" ಎಂದರು ಅತ್ತೆ, ನಲವತ್ತು ವರ್ಷದ ಟೈಲರಿನ ಜಂಬದಲ್ಲಿ. "ಇದನ್ನ ಸಿಮೆಂಟ್ ಹಾಕಿದ ಮೇಲೆ ಬಿಚ್ಚೋಕಾಗ್ತಿತ್ತಾ?"

ಎರಡನೆಯ ವಾರ ಪಕ್ಕಾ ಕೆಲಸ ಶುರುವಾಯಿತು. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದವಳೇ ಗುದ್ದಲಿ ಹಿಡಿಯುತ್ತಿದ್ದೆ. ಮೂರು ಗಂಟೆಗೆ ಮತ್ತೆ ವ್ಯಾನು. ರ‍್ಯಾಂಪಿನ ಹೊಟ್ಟೆ ತುಂಬಿಸಲು ಒಡೆದ ಇಟ್ಟಿಗೆ ಎಲ್ಲಿಂದ ತರುವುದೆಂದು ಯೋಚಿಸುತ್ತಿದ್ದಾಗ ಮೇಷ್ಟ್ರು ಬೇಲಿಯ ಬಳಿ ಕೆಮ್ಮಿದರು. "ನಮ್ಮ ಹಳೇ ಬಚ್ಚಲು ಒಡೆದ ಚೂರು ರಾಶಿ ಬಿದ್ದಿದೆ. ಆದ್ರೆ ನೀವೇ ಹೊತ್ಕೋಬೇಕು." ಆ ‘ಆದ್ರೆ’ ನನಗೆ ಮೊದಲ ಸಲ ಇಷ್ಟವಾಯಿತು. ಚೂರು ತುಂಬಿ, ಮಣ್ಣು ಸುರಿದು, ನೀರು ಹಾಕಿ, ಕುಟ್ಟಿ ಕುಟ್ಟಿ ಅಂಗೈಯಲ್ಲಿ ಬೊಬ್ಬೆ ಎದ್ದವು. ನನ್ನ ಗಂಡ ನೀರು ತುಂಬಿದ ಪೈಪು ಹಿಡಿದು ಅಡಿ ಅಡಿಗೂ ಮಟ್ಟ ನೋಡಿದರು. ಕನ್ನಡಕದ ಗಾಜು ಕೂರಿಸುವವರ ನಾಜೂಕು ಆ ಕೆಲಸಕ್ಕೆ ಬಂತು. ಕೊನೆಗೆ ಕಾಂಕ್ರೀಟು ಹಾಕಿ, ಅದು ಹಸಿಯಿರುವಾಗಲೇ ಗಾಲಿ ಜಾರದ ಹಾಗೆ ಅಡ್ಡಡ್ಡ ಪೊರಕೆ ಎಳೆದೆವು.

ಆಮೇಲೆ ಒದ್ದೆ ಗೋಣಿಚೀಲ ಹೊದಿಸಿ ದಿನಕ್ಕೆ ಮೂರು ಸಲ ನೀರು ಕುಡಿಸಿದೆವು. ಅದು ಗಟ್ಟಿಯಾಗುವಷ್ಟರಲ್ಲಿ ಕೆಳಗೆ ಮೊಣಕೈ ಎತ್ತರದ ಪಾತಿ ಕಟ್ಟಿ ಮಣ್ಣು ತುಂಬಿದೆವು. ಅತ್ತೆಯೂ ಸುಮ್ಮನಿರಲಿಲ್ಲ. ಅಂಗಡಿಯ ಕಾಲದ ಕಬ್ಬಿಣದ ಇಸ್ತ್ರಿಪೆಟ್ಟಿಗೆಯನ್ನು ಬೆಳಿಗ್ಗೆ ಸಂಜೆ ಎತ್ತಿ ಇಳಿಸುತ್ತಿದ್ದರು. "ಏನಿದು?" ಎಂದರೆ, "ಕೈ ಮರಗಟ್ಟಿತ್ತು ಅಷ್ಟೆ" ಎನ್ನುತ್ತಿದ್ದರು. ಬ್ಯಾಗು ಮಾತ್ರ ಮಂಚದ ಪಕ್ಕದಿಂದ ಅಲುಗಿರಲಿಲ್ಲ.

ಭಾನುವಾರ ಬಂತು, ಭಾವನೂ ಬಂದರು. ಕೇಳದೆಯೇ ಬ್ಯಾಗನ್ನು ಕಾರಿಗೆ ಸಾಗಿಸಿ, "ಹೊರಡೋಣ್ವಾ ಅಮ್ಮ?" ಎಂದರು.

"ಒಂದು ಟ್ರಯಲ್ ಬಾಕಿ ಇದೆ" ಎಂದು ಅತ್ತೆ ಹಿಂಬಾಗಿಲ ಕಡೆ ಗಾಲಿ ತಿರುಗಿಸಿದರು.

ಹೊಸ್ತಿಲು ದಾಟಿದ್ದು ಗೊತ್ತೇ ಆಗಲಿಲ್ಲ. ಅದರ ಮಟ್ಟಕ್ಕೇ ಕಟ್ಟೆ ಎಬ್ಬಿಸಿದ್ದೆವು. ಗಾಲಿಯನ್ನು ಅಂಗೈಯಲ್ಲಿ ತಡೆತಡೆದು ಮೊದಲ ನೆರಿಗೆ ಇಳಿದರು. ಕಟ್ಟೆಯಲ್ಲಿ ಒಂದೇ ಸುತ್ತಿಗೆ ತಿರುಗಿದರು. ಎರಡನೆಯದೂ ಇಳಿದು ಹಿತ್ತಿಲ ನೆಲ ಮುಟ್ಟಿದರು! ನೇರ ಪಾತಿಯ ಬಳಿ ಹೋಗಿ, ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಮಣ್ಣಿನಲ್ಲಿ ಇಳಿಸಿ, ಬಿಸಿಲಿಗೆ ಮುಖವೊಡ್ಡಿ ಕೂತರು. ಭಾವ ಕಣ್ಣು ಒರೆಸಿಕೊಂಡು, "ಇಳಿಯೋದೇನೋ ಸರಿ..." ಎಂದರು.

ಅವರ ಮಾತು ಸುಳ್ಳಲ್ಲ. ಹತ್ತುವುದೇ ಕಷ್ಟ.

ಅತ್ತೆ ಕೈ ಕೊಡವಿಕೊಂಡು ಹೊರಟರು. ಮೊದಲ ಆರು ಅಡಿ ಸಲೀಸಾಗಿ, ಉಳಿದದ್ದನ್ನು ಏದುತ್ತಾ ಹತ್ತಿದರು. ಕಟ್ಟೆ ತಲುಪಿ ಉಸಿರು ತೆಗೆದುಕೊಂಡು ತಿರುಗಿದರು. ಎರಡನೆಯ ನೆರಿಗೆಯ ನಡುಭಾಗದಲ್ಲಿ ಮಣ್ಣಾದ ಕೈ ಜಾರಿ ಕುರ್ಚಿ ಹಿಂದಕ್ಕೆ ಉರುಳಿತು. "ಅಮ್ಮಾ!" ಎಂದು ಭಾವ ಕೈ ಚಾಚಿ ನುಗ್ಗಿದರು. ನನಗೆ ಎಲ್ಲಿಂದ ಬಲ ಬಂತೋ, ಅವರ ರಟ್ಟೆ ಹಿಡಿದು ಎಳೆದು ನಿಲ್ಲಿಸಿದೆ.

"ಮುಟ್ಟಬೇಡಿ ಭಾವ! ನಿಮ್ಮ ದಮ್ಮಯ್ಯ, ಮುಟ್ಟಬೇಡಿ!"

ಪೊರಕೆ ಎಳೆದ ಗೆರೆಗೆ ಗಾಲಿ ಕಚ್ಚಿಕೊಂಡಿತು. ಅತ್ತೆ ಬ್ರೇಕ್ ಹಾಕಿದರು. ಸೀರೆಗೆ ಅಂಗೈ ಒರೆಸಿಕೊಂಡರು, ಒಂದು, ಎರಡು ಸಲ. ಹಿಂದೆ ತಿರುಗಿ ನೋಡದೆಯೇ, "ಕೈ ಕಟ್ಕೊಂಡ್ ನಿಂತ್ಕೊಳ್ಳಿ ಎಲ್ಲಾರೂ" ಎಂದು ಗದರಿದರು. ಬ್ರೇಕ್ ಬಿಟ್ಟರು. ಒಂದು ತಳ್ಳು, ಒಂದು ಉಸಿರು. ಇನ್ನೊಂದು ತಳ್ಳು. ಬೇಲಿಯಾಚೆ ಮೇಷ್ಟ್ರು ಬಾಯಿ ತೆರೆದವರು ಮುಚ್ಚಿರಲಿಲ್ಲ. ಕೊನೆಯ ಒಂದು ತಳ್ಳಿಗೆ ಮುಂಗಾಲಿ ಮೇಲಿನ ಕಟ್ಟೆಗೆ ಏರಿತು, ಹಿಂಗಾಲಿಯೂ ಏರಿತು. ಅತ್ತೆ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿದರು. ಮುಖ ಕೆಂಪಗಾಗಿತ್ತು, ಜಡೆ ಬಿಚ್ಚಿತ್ತು.

"ಫಿಟಿಂಗ್ ಸರಿಯಾಗಿದೆ" ಎಂದರು.

ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ನನ್ನ ಗಂಡ ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ. "ಭೇಷ್!" ಎಂದು ಮೇಷ್ಟ್ರು ಕೂಗಿದರು. ‘ಆದ್ರೆ’ ಬರುತ್ತದೆಂದು ಕಾದೆವು, ಬರಲಿಲ್ಲ.

ಭಾವ ಏನೋ ಹೇಳಲು ಹೋದರು. ಅತ್ತೆ, "ಬ್ಯಾಗ್ ಒಳಗೆ ತಂದಿಡಪ್ಪ. ಹಾಗೇ ಬಟ್ಟೆ ಎಲ್ಲ ಕಪಾಟಿಗೆ ಜೋಡಿಸು. ನನಗೆ ಕೆಳಗೆ ಕೆಲಸ ಇದೆ" ಎಂದು ಮತ್ತೆ ಇಳಿಯಲು ಹೊರಟರು. ಭಾವ ನಗುತ್ತಾ ಕಾರಿನ ಕಡೆ ಹೋದರು.

ಸಂಜೆಯವರೆಗೂ ಅವರ ಇಳಿಯಾಟ ಹತ್ತಾಟ ನಿಲ್ಲಲಿಲ್ಲ. ಅವತ್ತು ಮಾತ್ರ ನಾನು ತಪ್ಪದೆ ಎಣಿಸಿದೆ. ಹನ್ನೊಂದು ಸಲ.