ಮುಸುಕಿನ ಸವಾರನ ಹೆಸರು

ಕುಷ್ಟಗಿಯಲ್ಲಿ ಸಿನಿಮಾದವರು ತಂಬು ಹಾಕಿದ ವರ್ಷವೇ ನಾನು ಆ ಊರಿನ ಸೊಸೆಯಾದದ್ದು. ನಿಜಾಮರ ಕಾಲ. ಮಾತಾಡುವ ಸಿನಿಮಾ ಹೈದರಾಬಾದಿಗೆ ಬಂದಾಗಿತ್ತಂತೆ. ನಮ್ಮ ಕಡೆಗೆ ಇನ್ನೂ ಮೂಕಿಯೇ ತಿರುಗುತ್ತಿತ್ತು, ಅದೂ ದೊಡ್ಡ ಊರಿನವರು ನೋಡಿ ನೋಡಿ ಬೇಸತ್ತು ಬಿಟ್ಟದ್ದು.

ಯಲಬುರ್ಗಿಯ ತವರಿನಲ್ಲಿ ನನ್ನ ಹೆಸರು ಅನ್ನಮ್ಮ. ನನ್ನ ಅತ್ತೆಯ ಹೆಸರೂ ಅನ್ನಮ್ಮ. ಒಂದೇ ಮನೆಯಲ್ಲಿ ಇಬ್ಬರು ಅನ್ನಮ್ಮಂದಿರಿದ್ದರೆ ಸೊಸೆಯನ್ನು ಬೈಯುವುದು ಹೇಗೆ? ತಮ್ಮನ್ನು ತಾವೇ ಬೈದುಕೊಂಡ ಹಾಗಾಗುತ್ತದಲ್ಲ. ಆದ್ದರಿಂದ ಮದುವೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ನನ್ನನ್ನು ಶಂಕ್ರಮ್ಮ ಮಾಡಿಬಿಟ್ಟಿದ್ದರು. ಆ ಹೆಸರಿನಿಂದ ಯಾರಾದರೂ ಕರೆದರೆ ನಾನು ತಿರುಗಿ ನೋಡುತ್ತಿರಲಿಲ್ಲ. "ಕಿವಿ ಮಂದ ಏನವ್ವ ನಿನಗ?" ಎನ್ನುವರು ಅತ್ತೆ. ತವರಿನಿಂದ ತಂದ ಹಿತ್ತಾಳೆ ತಂಬಿಗೆಯ ಮೇಲೆ 'ಅನ್ನಮ್ಮ' ಎಂದು ಕೊರೆಸಿತ್ತು. ಅದನ್ನು ಅವರು ನಿಶ್ಚಿಂತೆಯಿಂದ ತಮ್ಮ ಪಾತ್ರೆಗಳ ಸಾಲಿಗೆ ಸೇರಿಸಿಕೊಂಡರು, ಅವುಗಳ ಮೇಲೂ ಅದೇ ಹೆಸರಿತ್ತು. ಹೆಸರೂ ಹೋಯಿತು, ತಂಬಿಗೆಯೂ ಹೋಯಿತು. ನನಗೆ ಹೊಟ್ಟೆ ಉರಿಯಿತು, ಆದರೆ ಹೊಸ ಸೊಸೆಯ ಹೊಟ್ಟೆ ಉರಿದರೆ ಯಾರಿಗೆ ಕಾಣುತ್ತದೆ?

ಇನ್ನು ಮನೆಯವರ ಹೆಸರು. ಅದನ್ನು ನಾನು ಹೇಳುವ ಹಾಗಿಲ್ಲ. ಅವರ ಅವ್ವ ಕರೆಯುವಾಗ ಕೇಳಿಸಿಕೊಳ್ಳಿ.

ಆ ಸಿನಿಮಾದ ಕಥೆ ಇಷ್ಟೇ: ಒಬ್ಬ ಕೆಟ್ಟ ದಿವಾನ, ಕೋಟೆಯಲ್ಲಿ ಸೆರೆಯಾದ ಒಬ್ಬ ರಾಜ, ಎಲ್ಲಿಂದಲೋ ಕುದುರೆ ಏರಿ ಬಂದು ಬಡವರನ್ನು ಬಿಡಿಸುವ ಒಬ್ಬ ಮುಸುಕಿನ ಸವಾರ. ಪರದೆಯ ಪಕ್ಕದಲ್ಲಿ ಉಮರಸಾಬ ಎಂಬವನು ಕೋಲು ಹಿಡಿದು ನಿಂತು ಕಥೆಯನ್ನು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ. ಕತ್ತಿಗೆ ಕತ್ತಿ ತಾಗಿದಾಗ ಬಡಿಯಲೆಂದು ರೊಟ್ಟಿ ಸುಡುವ ಒಂದು ಕಬ್ಬಿಣದ ಹಂಚನ್ನು ತೂಗುಹಾಕಿಕೊಂಡಿದ್ದ.

ಎಲ್ಲವೂ ಸುಳ್ಳು, ಕಣ್ಣಿದ್ದವರಿಗೆಲ್ಲ ಕಾಣುವಂಥ ಸುಳ್ಳು. ಸವಾರ ಬೆನ್ನು ತಾಗಿಸಿದರೆ ಕೋಟೆಯ ಗೋಡೆ ಒಣಹಾಕಿದ ಸೀರೆಯಂತೆ ಅಲುಗುತ್ತಿತ್ತು. ಬಾಗಿಲಲ್ಲಿ ಬಿಳಿ ಕುದುರೆ ಏರಿದವನು ಹಳ್ಳ ದಾಟುವಾಗ ಕರಿ ಕುದುರೆಯ ಮೇಲಿದ್ದ. ಕತ್ತಿಗಳು ಬಾಗುತ್ತಿದ್ದವು. ಒಬ್ಬನೇ ಸಿಪಾಯಿ ಮೇಲಿಂದ ಮೇಲೆ ಸತ್ತು, ಮೀಸೆ ಬದಲಿಸಿಕೊಂಡು ಎದ್ದು ಬರುತ್ತಿದ್ದ. ಅವನ ಮೀಸೆ ಅರ್ಧ ಕಿತ್ತುಬಂದಾಗ ಇಡೀ ತಂಬೇ ನಕ್ಕಿತು. ಆದರೂ ಸವಾರ ಹಗ್ಗ ಹಿಡಿದು ಕೋಟೆಯ ಮೇಲಿಂದ ಜಿಗಿದಾಗ ನಾನು ಪಕ್ಕದವಳ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಸುಳ್ಳೆಂದು ಗೊತ್ತಿದ್ದೂ ಎದೆ ಹೊಡೆದುಕೊಳ್ಳುವ ಆ ಸುಖವನ್ನು ಹೇಗೆ ಹೇಳಲಿ? ಮನೆಯಲ್ಲಿ ಎಲ್ಲವೂ ನಿಜ, ಆದರೆ ಅಲ್ಲಿ ಯಾರೂ ಎಲ್ಲಿಂದಲೂ ಜಿಗಿಯುವುದಿಲ್ಲ.

ಒಂದೇ ಒಂದು ಸಂಗತಿ ನನ್ನನ್ನು ಕಾಡಿತು. ದೊಡ್ಡಾಟದಲ್ಲಾದರೆ ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ಹೆಸರು ಕೇಳುತ್ತಾನೆ. ಹೆಸರು, ಊರು, ಬಂದ ಕಾರಣ ಎಲ್ಲ ಹೇಳಿಯೇ ಕುಣಿಯಬೇಕು. ಈ ಸವಾರ ಮಾತ್ರ ಹೆಸರೇ ಹೇಳದೆ ಕಾದಾಡುತ್ತಿದ್ದ. ಯಾರಿವನು? ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಪರದೆ ನಡುವೆ ಹರಿದು ಆಟ ನಿಂತಿತು. ಮರುದಿನ ನೋಡಿದರೆ ತಂಬು ಇದ್ದ ಜಾಗದಲ್ಲಿ ಬರೀ ಗೂಟದ ಕುಳಿಗಳು. ತಾವರಗೇರಾಕ್ಕೆ ಹೋದರು ಎಂದರು.

ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ರೊಟ್ಟಿ ಬಡಿಯುವಾಗ ಕೈ ತಾನಾಗಿ ಉಮರಸಾಬನ ಹಂಚಿನ ತಾಳ ಹಿಡಿಯುತ್ತಿತ್ತು. ಬೇಳೆ ಸೀದುಹೋಯಿತು. ನೀರಿಗೆ ಹೋದರೆ ಕೊಡ ಬಿಟ್ಟು ಬಂದೆ. ಮುಸುಕಿನ ಒಳಗಿನ ಮುಖವನ್ನು ನೋಡದಿದ್ದರೆ ಹುಚ್ಚು ಹಿಡಿಯುತ್ತದೆ ಅನ್ನಿಸಿತು.

"ಇಕಿಗೆ ಏನೋ ಬಡದೈತಿ" ಎಂದರು ಅತ್ತೆ.

ಮನೆಯವರಿಗೂ ಅದೇ ರೋಗ ಬಡಿದಿತ್ತು. ಅಂಗಡಿಯಲ್ಲಿ ಅಳತೆಗೋಲು ಹಿಡಿದು ತೊಗರಿಯ ಚೀಲಗಳನ್ನು ತಿವಿಯುತ್ತಿದ್ದರಂತೆ. ಅವರೇ ಉಪಾಯ ಹೂಡಿದರು. "ಯವ್ವಾ, ಆ ಸಿನಿಮಾದ ಕಡೀಕ ಹೇಮಗುಡ್ಡದ ದುರ್ಗಮ್ಮ ಸಾಕ್ಷಾತ್ ಬರ್ತಾಳಂತ. ನೋಡಿದವ್ರು ಕಾಯಿ ಒಡೀತಾರಂತ."

ಅತ್ತೆ ದುರ್ಗಮ್ಮನ ಹೆಸರೆತ್ತಿದರೆ ಕೈ ಮುಗಿಯುವವರು. "ಹಂಗಾರ ಗಾಡಿ ಹೂಡಪಾ ಉಮಾಪತಿ" ಎಂದರು. ಮಾವನವರು ದೇವಿಯ ಮಾತೆಂದು ಬೇಡವೆನ್ನಲಿಲ್ಲ.

ದಾರಿಗೆಂದು ಅತ್ತೆ ನೀರು ತುಂಬಿಸಿದ್ದು ನನ್ನ ತಂಬಿಗೆಯಲ್ಲೇ. ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತರು. ತಾವರಗೇರಾ ಮುಟ್ಟುವತನಕ ನಾನು ಅದನ್ನೇ ನೋಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಆಟ ಸುರುವಾಯಿತು. ಹೆಂಗಸರ ಕಡೆ ಅಡ್ಡಪರದೆಯ ಹಿಂದೆ ನಾವು. ಅತ್ತೆ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ನೋಡಿದ್ದನ್ನೇ ಮತ್ತೆ ನೋಡುವಾಗಲೂ ನನ್ನ ಕಾಲು ನಿಲ್ಲಲಿಲ್ಲ. ಕುಷ್ಟಗಿಯಲ್ಲಿ ಪರದೆ ಹರಿದ ಜಾಗವನ್ನು ದಾಟಿ ಕಥೆ ಮುಂದೆ ಹೋಯಿತು. ಸವಾರ ಸಿಕ್ಕಿಬಿದ್ದ. ದಿವಾನ ಅವನ ಎದೆಗೆ ಕತ್ತಿ ಇಟ್ಟು, ಇನ್ನೊಂದು ಕೈಯನ್ನು ಮುಸುಕಿನ ಕಡೆಗೆ ಚಾಚಿದ. ಉಮರಸಾಬ ಕೂಗಿದ, "ಯಾರಲೇ ನೀನು? ಹೆಸರು ಹೇಳು!"

ಪರದೆ ಬೆಳ್ಳಗಾಯಿತು.

ಆ ಸುರುಳಿಯ ಕೊನೆ ಎಂದೋ ಸುಟ್ಟುಹೋಗಿತ್ತಂತೆ. ಪ್ರತಿ ಊರಿನಲ್ಲೂ ಉಮರಸಾಬ ಮುಂದಿನ ಕುರ್ಚಿಯಲ್ಲಿ ಕೂತ ದೊಡ್ಡ ಮನುಷ್ಯರ ಹೆಸರನ್ನೇ ಸವಾರನಿಗೆ ಇಟ್ಟು ಚಪ್ಪಾಳೆ ಗಿಟ್ಟಿಸುತ್ತಿದ್ದನಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ಬೆಳ್ಳನೆಯ ಬಟ್ಟೆ, ಅದರ ಮುಂದೆ ಉಮರಸಾಬ. ಅವನು ಕುರ್ಚಿಗಳ ಕಡೆ ಕಣ್ಣಾಡಿಸುತ್ತ ಇನ್ನೊಮ್ಮೆ ಕೂಗಿದ, "ಹೇಳು, ಹೆಸರು ಹೇಳು!"

ಹೆಂಗಸರ ಕಡೆ ಕಿಸಕ್ಕನೆ ನಗು ಎದ್ದಿತು. ನಮ್ಮಲ್ಲಿ ಹೆಣ್ಣಿಗೆ ಹೆಸರು ಹೇಳು ಎಂದರೆ ಒಂದೇ ಅರ್ಥ: ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು. ಮದುವೆಯಲ್ಲಿ, ಸೀಮಂತದಲ್ಲಿ ಬಾಗಿಲಿಗೆ ಅಡ್ಡ ನಿಂತು ಹೀಗೇ ಕೇಳುತ್ತಾರೆ. ಫಕೀರಮ್ಮ ಎಂಬ ಮುದುಕಿ ನನ್ನ ಕೈಯ ಹಸಿರು ಬಳೆ ನೋಡಿ ಮೊಣಕೈಯಿಂದ ತಿವಿದಳು. "ಹೊಸಾ ಮದುಮಗಳು ಇಲ್ಲೇ ಅದಾಳ. ಹೇಳವ್ವಾ, ನಾಚಬ್ಯಾಡ, ಹೆಸರು ಹೇಳು." ನಾಲ್ಕಾರು ಕೈಗಳು ಸೇರಿ ನನ್ನನ್ನು ಎಬ್ಬಿಸಿ ನಿಲ್ಲಿಸಿದವು. ಅಡ್ಡಪರದೆಯ ಆಚೆ ಗಂಡಸರೂ ಕಿವಿಗೊಟ್ಟರು.

ನನಗೆ ಒಡಪು ಬರುತ್ತಿರಲಿಲ್ಲವೆಂದಲ್ಲ, ತವರಿನಲ್ಲಿ ಕಲಿಸಿಯೇ ಕಳಿಸಿದ್ದರು. ಆದರೆ ಎದುರಿಗೆ ಆ ಬೆಳ್ಳನೆಯ ಬಟ್ಟೆ, ಕಿವಿಯಲ್ಲಿ 'ಯಾರು ನೀನು' ಎಂಬ ಮಾತು. ಮದುವೆಯಾದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಗಂಟಲು ಬಿಚ್ಚಿ ಕೂಗಿದೆ.

"ಅನ್ನಮ್ಮ!"

ಗಂಡನ ಹೆಸರಿಗೆ ಕಾದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆಯ ಹೆಸರನ್ನು ಬಾಯಿಬಿಟ್ಟು, ಅದೂ ಗಂಡಸರು ಕೇಳುವಂತೆ! ಕುಷ್ಟಗಿಯಲ್ಲಿ ನಂಟರಿದ್ದ ಒಬ್ಬಳಿಗೆ ಅತ್ತೆಯ ಹೆಸರು ಗೊತ್ತಿತ್ತು, ಬಾಯಿಗೆ ಸೆರಗು ಅಡ್ಡ ಹಿಡಿದು ಪಕ್ಕದವರಿಗೆ ಪಿಸುಗುಟ್ಟಿದಳು. ಅತ್ತೆ ಮಡಿಲ ಕಾಯಿಯನ್ನು ಅವುಚಿಕೊಂಡರು. ನಾನು ಕೂತುಬಿಟ್ಟೆ.

ಉಮರಸಾಬ ಮಾತ್ರ ಕುಣಿದುಬಿಟ್ಟ. ಹಂಚಿಗೆ ರಪ್ಪನೆ ಬಡಿದು, "ಕೇಳ್ರಪ್ಪೋ! ಸವಾರ ಗಂಡಸಲ್ಲ! ಮುಸುಕು ಹಾರಿತು, ಜಡಿ ಬಿಚ್ಚಿತು, ಅನ್ನಮ್ಮ! ದಿವಾನನ ಕತ್ತಿ ಕಸಗೊಂಡಳು ಅನ್ನಮ್ಮ!" ಎಂದು ಸುರುಮಾಡಿದ. ಪರದೆಯ ಮೇಲೆ ಏನೂ ಇಲ್ಲ, ಹಂಚಿನ ಸದ್ದು ಮಾತ್ರ. ತಂಬಿನ ತುಂಬ ಜನ ಎದ್ದು ನಿಂತು, "ಹೊಡಿ ಅನ್ನಮ್ಮ! ಬಿಡಬ್ಯಾಡ ಅನ್ನಮ್ಮ!" ಎಂದು ಬರಿಯ ಬಟ್ಟೆಗೆ ಕೂಗಿದರು. ಅವರ ನಡುವೆ ನಮ್ಮ ಮನೆಯವರ ದನಿಯೂ ಇತ್ತು, ತಮ್ಮ ತಾಯಿಯ ಹೆಸರೆಂಬುದನ್ನೂ ಮರೆತಿದ್ದರು. ನನಗೆ ಅಳು ಬಂತು. ಸಂಕಟದ ಅಳುವಲ್ಲ ಅದು.

ಅಂದು ನಂಟರ ಮನೆಯಲ್ಲಿ ಉಳಿದೆವು. ಅತ್ತೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಒಡೆಯದ ಕಾಯಿಯನ್ನು ನಂಟರ ದೇವರ ಮುಂದಿಟ್ಟು ಗಾಡಿ ಹತ್ತಿದರು. ತಂಬಿಗೆ ನಮ್ಮಿಬ್ಬರ ನಡುವೆ ಹುಲ್ಲಿನ ಮೇಲಿತ್ತು. ತವರಿಗೆ ಅಟ್ಟಿಬಿಡುತ್ತಾರೆ ಎಂದುಕೊಂಡೆ. ದಾರಿಯ ಜೋಳದ ಹೊಲಗಳು ಮುಗಿಯುತ್ತಲೇ ಇರಲಿಲ್ಲ, ಬೈದರೆ ಬೈಯಲಿ, ಈ ಸುಮ್ಮನಿರುವಿಕೆ ಸಾಕು ಅನ್ನಿಸಿತು.

ಕೊನೆಗೆ ಅತ್ತೆ ಕೇಳಿದರು. "ನಿನ್ನಿ ಯಾರ ಹೆಸರು ಹೇಳಿದಿ?"

"ನಂದರೀ ಅತ್ತಿ. ನಿಮ್ಮದು ಹೇಳಲಿಲ್ರೀ."

ಅವರು ತಂಬಿಗೆಯ ಮೇಲಿನ ಹೆಸರನ್ನು ಬೆರಳಿನಿಂದ ಸವರಿದರು. ಆಮೇಲೆ, "ಅದು ನಂದೂ ಅಲ್ಲ" ಎಂದರು.

ನನಗೆ ತಿಳಿಯಲಿಲ್ಲ.

"ನಿಮ್ಮ ಮಾವಗ ನಾ ಎರಡನೇಕಿ. ಮೊದಲನೇಕಿ ಅನ್ನಮ್ಮ, ಬಾಣಂತನದಾಗ ಹೋದಳು. ತಂಬಿಗಿ, ಕೊಡ, ಹಂಡೇ ಮ್ಯಾಲೆಲ್ಲಾ ಆಕೀ ಹೆಸರು ಕೊರಸಿದ್ರು. ಮತ್ತ್ಯಾಕ ಕೊರಸೋದು ಅಂತ ನನಗೂ ಅದನ್ನಽ ಇಟ್ರು."

ನಾನು ಸ್ವಲ್ಪ ಹತ್ತಿರ ಸರಿದೆ. "ನಿಮ್ಮ ಹೆಸರು ಏನಿತ್ರಿ ಅತ್ತಿ?"

ಅವರು ಗಾಡಿ ಹೊಡೆಯುತ್ತಿದ್ದ ಮಗನ ಬೆನ್ನನ್ನು ನೋಡಿದರು. ಸೆರಗನ್ನು ಮುಂದಕ್ಕೆ ಎಳೆದುಕೊಂಡು ನನ್ನ ಕಿವಿಯ ಬಳಿ ಬಾಗಿ, ಯಾರದೋ ಗುಟ್ಟು ಹೇಳುವಂತೆ ಹೇಳಿದರು. "ಬಸವಣ್ಣೆಮ್ಮ."

"ಏನಂದಿ ಯವ್ವಾ?" ಎಂದು ಮಗ ತಿರುಗಿದರು.

"ಏನಿಲ್ಲ. ನೀ ಎತ್ತು ಹೊಡಿ."

ಬಿಸಿಲು ಏರಿತ್ತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಬಾಯಿ ಒಣಗಿತ್ತೇನೋ, ನನ್ನ ಕಡೆ ಕೈ ಚಾಚಿದರು.

"ಅನ್ನಮ್ಮಾ" ಎಂದರು, "ನಿನ್ನ ತಂಬಿಗಿ ಒಂಚೂರು ಕೊಡು, ನೀರು ಕುಡೀತೀನಿ."

ಕರೆದ ಕೂಡಲೇ ನಾನು ತಿರುಗಿದೆ.