ಹಂಪಣ್ಣನ ಹಿಮ್ಮಡಿ

ಯಾವ ವಾಹನ ಹತ್ತುವಾಗಲೂ ಅವನು ಮೊದಲು ಬೂಟು ಕಳಚುತ್ತಿದ್ದ. ಬಾಡಿಗೆ ಕಾರಾಗಲಿ, ಸಾಮಾನು ಹೇರಿದ ಲಾರಿಯಾಗಲಿ, ಬೂಟುಗಳನ್ನು ಕಂಕುಳಲ್ಲಿ ಇರುಕಿಕೊಂಡು, ತೆಳುವಾದ ಕಾಲುಚೀಲದಲ್ಲಿ, ಕೆರೆಗಿಳಿಯುವವನ ಹಾಗೆ ಒಂದೊಂದೇ ಪಾದ ಒಳಗಿಡುತ್ತಿದ್ದ. ಹೊಸ ಚಾಲಕರು ಭಕ್ತಿಯೆಂದುಕೊಂಡು ತಾವೂ ನೆಟ್ಟಗೆ ಕೂರುತ್ತಿದ್ದರು. "ಭಕ್ತಿ ಅಲ್ಲಪ್ಪ, ಅನುಮಾನ" ಎನ್ನುತ್ತಿದ್ದ.

ಅನುಮಾನವೇ ಅವನ ಉದ್ಯೋಗ. ಭಾರೀ ಪಿಕಪ್‌ಗಳನ್ನು ಓಡಿಸಿ ನೋಡಿ, ಯಾವುದರಲ್ಲಿ ಕೂತರೆ ಮೈ ನೋಯುವುದಿಲ್ಲವೆಂದು ನಮ್ಮ ವಾಹನ ಮಾಸಪತ್ರಿಕೆಗೆ ಬರೆಯುತ್ತಿದ್ದ. ನಾನು ಅವನ ಬರಹದ ಕರಡು ತಿದ್ದುತ್ತಿದ್ದೆ. ಊರಿನ ಒಂದು ರಸ್ತೆಯುಬ್ಬನ್ನೂ ಬಿಡದೆ ಹಂಪು ಹಂಪು ಎಂದು ಜಪಿಸುತ್ತಿದ್ದುದರಿಂದ ಕಚೇರಿಗೆಲ್ಲ ಅವನು ಹಂಪಣ್ಣ. ಸಿಟ್ಟು ಬಂದಾಗ ಹೆಂಡತಿಗೂ. ದೊಡ್ಡ ಕುಲುಕನ್ನು ಯಾರು ಬೇಕಾದರೂ ಹೇಳಬಲ್ಲರು, ಒಳ್ಳೆಯ ಗಾಡಿಗೂ ತೀರ ಒಳ್ಳೆಯ ಗಾಡಿಗೂ ಇರುವ ಅಂತರ ಕಾಲಡಿಯ ಸಣ್ಣ ನಡುಕದಲ್ಲಿದೆ, ಅದು ಹಿಮ್ಮಡಿಗಷ್ಟೇ ತಿಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಮಾತಾಡುತ್ತಲೇ "ತಡಿ, ತಡಿ" ಎಂದು ಅಂಗೈ ಎತ್ತಿ, ದೂರದಿಂದ ಏನೋ ಕೇಳಿಸಿದವನಂತೆ ನಿಂತುಬಿಡುವ ಅಭ್ಯಾಸ. ಗಾಡಿಯಿಂದಿಳಿದು ಬಾಗಿಲು ಮುಚ್ಚುವ ಮೊದಲೇ ಅವನ ತೀರ್ಪು ಸಿದ್ಧವಾಗಿರುತ್ತಿತ್ತು.

ಕೊನೆಯ ಸಲ ಬಂದದ್ದು ಹಿಂದೆಯೂ ಸೀಟಿದ್ದ ಎರಡು ಪಿಕಪ್‌ಗಳು, ಒಂದು ಬಿಳಿ, ಒಂದು ಬೂದು. ಎರಡಕ್ಕೂ ಹಿಂಬದಿಯಲ್ಲಿ ಕುಲುಕು ತಡೆಯಲು ಉಕ್ಕಿನ ಪಟ್ಟಿಗಳ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು. ಅವನ ಬರಹಕ್ಕಾಗಿ ಒಬ್ಬ ಓದುಗ ಕಾದಿದ್ದ. ಆ ಓದುಗನ ತಾಯಿಗೆ ಬೆನ್ನಿನ ಆಪರೇಷನ್ ಆಗಿತ್ತು. ಹಳ್ಳಕೊಳ್ಳದ ದಾರಿಯಲ್ಲಿ ಆಗಾಗ ಆಸ್ಪತ್ರೆಗೆ ಒಯ್ಯಬೇಕಿತ್ತು. "ನೀವು ಯಾವುದು ಅಂತೀರೋ ಅದೇ ಸಾರ್" ಎಂದು ಫೋನು ಮಾಡಿದ್ದ.

ಹಂಪಣ್ಣ ಮರದ ಅಡ್ಡೆಗಳ ಹಿಂದಿನ ತೇಪೆರಸ್ತೆಯಲ್ಲಿ ಎರಡನ್ನೂ ಓಡಿಸಿದ. ಖಾಲಿ ಓಡಿಸಿದ, ಮರಳಿನ ಮೂಟೆ ಹೇರಿ ಓಡಿಸಿದ. ಇಳಿದು ಬಾಗಿಲು ಹಿಡಿದುಕೊಂಡೇ ನಿಂತ.

"ಎರಡೂ ಒಂದೇ ಥರ ಇದೆ ಕಣೋ."

"ಹಾಗಾದ್ರೆ ಹಾಗೇ ಬರಿ" ಎಂದೆ ನಾನು.

"ತಡಿ. ಒಂದೇ ಥರ ಇರೋಕೆ ಸಾಧ್ಯವಿಲ್ಲ."

ಚೀಲದ ಗಾಳಿಯೇ ಹೆಚ್ಚುಕಡಿಮೆಯಾಗಿರಬೇಕೆಂದು ವರ್ಕ್‌ಶಾಪಿಗೆ ಒಯ್ದ. ಅಲ್ಲಿನ ಮೆಕ್ಯಾನಿಕ್ ಮತ್ತೆ ಮತ್ತೆ ನೋಡಿ, "ಗಾಳಿ ಸರಿಯಾಗೇ ಇದೆ ಸಾರ್, ಇನ್ನೂ ತುಂಬಿದ್ರೆ ಗಾಡಿ ಹಾರತ್ತೆ" ಎಂದ. ಎಲ್ಲರೂ ನಕ್ಕರು. ಹಂಪಣ್ಣ ನಗಲಿಲ್ಲ. ಆಮೇಲೆ ಅವನು ಕಚೇರಿಯ ಮೆಟ್ಟಿಲಿನ ಅಂಚಿಗೆ ಹಿಮ್ಮಡಿ ಒತ್ತಿ ಒತ್ತಿ ನೋಡುವುದನ್ನೂ, ಹಿತ್ತಲಿನ ಜಲ್ಲಿಯ ಮೇಲೆ ಬರಿಗಾಲಲ್ಲಿ ನಿಂತಿರುವುದನ್ನೂ ಕಂಡೆ. ಏನೆಂದು ಕೇಳಿದರೆ ಮಾತು ಮರೆಸಿದ.

ಕಡೆಗೆ ಹೆಂಡತಿಯನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿದ. ನಾನು ಅವನ ಪಕ್ಕದಲ್ಲಿದ್ದೆ. "ಮದುವೆಯಾಗಿ ಇಷ್ಟು ವರ್ಷಕ್ಕೆ ಹೊಸ ಗಾಡಿ ಹತ್ತಿಸಿದ್ರಿ, ಅದೂ ಗುಂಡಿ ಎಣಿಸೋಕೆ" ಎಂದಳು ಆಕೆ. ಬಿಳಿಯದರಲ್ಲಿ ತನ್ನ ತಂಗಿಯ ಗಂಡನ ಜಿಪುಣತನ ವರ್ಣಿಸುತ್ತ ಹೋದಳು. ಅದೇ ದಾರಿಯಲ್ಲಿ, ಬೂದು ಬಣ್ಣದ್ದರಲ್ಲೂ ಅದೇ ಕಥೆ ಮುಂದುವರಿಯಿತು. ಸೇತುವೆಯ ಸಂದು ದಾಟುವಾಗ ಆಕೆಯ ಮಾತು ತಟ್ಟನೆ ನಿಂತಿತು.

"ಅಬ್ಬಾ! ಪಾದ ಜುಮ್ಮೆಂತು. ನಿಮಗೆ ತಾಗಲಿಲ್ವಾ?"

ನನಗೂ ತಾಗಿತ್ತು. ಅವನು ಗಾಡಿಯನ್ನು ಬದಿಗೆ ನಿಲ್ಲಿಸಿ ಕಾಲುಚೀಲ ಕಳಚಿದ. ಹಿಮ್ಮಡಿಗೆ ಜಲ್ಲಿಯ ಚೂರೊಂದು ನೆಟ್ಟು, ಸುತ್ತ ರಕ್ತ ಒಣಗಿತ್ತು. ಯಾವಾಗ ಚುಚ್ಚಿತೋ ಅವನಿಗೆ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದಿದೆ ಎಂದರು ಡಾಕ್ಟರು.

ಸಂಪಾದಕರು ಸಮಾಧಾನ ಹೇಳಿದರು: "ನಿಮ್ಮ ಅನುಭವ ಸಾಲದೇನ್ರೀ? ಬಿಳಿ ಅಂತ ಬರೀರಿ, ಮನೆಯವರೂ ಅದನ್ನೇ ಹೇಳಿದ್ರಲ್ಲ. ಯಾರಿಗೆ ಗೊತ್ತಾಗತ್ತೆ?" ಅವನು ನನ್ನ ಮೇಜಿಗೆ ಬಂದು ಆ ಓದುಗನಿಗೆ ಫೋನು ಮಾಡಿದ. "ನನ್ನ ಕಾಲಿಗೆ ಈಗ ಏನೂ ತಿಳೀತಿಲ್ಲಪ್ಪ, ನನ್ನ ಮಾತು ನಂಬಬೇಡ. ಅಮ್ಮನ್ನ ಎರಡರಲ್ಲೂ ಮೆಲ್ಲಗೆ ಒಂದು ಸುತ್ತು ಕರ್ಕೊಂಡು ಹೋಗು. ಯಾವುದರಲ್ಲಿ ಅವರ ಮಾತು ನಿಲ್ಲಲ್ವೋ ಅದನ್ನ ತಗೋ." ಅವನ ಅಂಕಣ ಬೇರೊಬ್ಬರ ಪಾಲಾಯಿತು.

ಹಿಮ್ಮಡಿಯ ಗಾಯ ಮಾಯಲಿಲ್ಲ. ನಂಜು ಮೇಲೇರಿತು, ಅವನು ಹೋದ.

ಅವನು ಹೋದ ಮೇಲೆ ಆ ಓದುಗನ ಫೋನು ನನ್ನ ಮೇಜಿಗೆ ಬಂತು. "ಅಮ್ಮ ದಾರಿಯುದ್ದಕ್ಕೂ ನನ್ನ ತಲೆ ತಿಂತಾರೆ ಅಂತ ಹೇಳಿ ಸಾರ್ ಅವರಿಗೆ." ನಾನು ವಿಷಯ ತಿಳಿಸಿದೆ. ಕೊಂಡದ್ದು ಬಿಳಿಯದೋ ಬೂದು ಬಣ್ಣದ್ದೋ ಕೇಳಲು ಮರೆತೆ.

ನೋವು ತಿಳಿಯದ್ದನ್ನೇ ಸುಖವೆಂದು ಎಣಿಸಿ, ತಮಗೆ ತಾಗದ ದಾರಿಯನ್ನೆಲ್ಲ ನುಣುಪೆಂದು ಹೊಗಳುತ್ತ ಬದುಕುವವರೇ ನಮ್ಮಲ್ಲಿ ಹೆಚ್ಚು; ನಾನೂ ಅವರಲ್ಲೊಬ್ಬ. ಎಲ್ಲೋ ಕೆಲವರು ಮಾತ್ರ, ದಾರಿ ತೀರ ನುಣುಪಾಗಿ ತೋರಿದ ದಿನ ಗಾಬರಿಯಾಗುತ್ತಾರೆ, ಮೊದಲು ತಮ್ಮನ್ನೇ ಶಂಕಿಸುತ್ತಾರೆ, ಪಕ್ಕದವರಿಗೆ ನೋಯುತ್ತಿದೆಯೇ ಎಂದು ಕೇಳಿ ತಿಳಿಯುತ್ತಾರೆ. ಅಂಥವರು ಜೊತೆಗಿದ್ದಷ್ಟು ದಿನ ಅವರ ಆತಂಕ ನಮಗೆ ಕಿರಿಕಿರಿ. ಅವರು ಹೋದ ಮೇಲೆ, ನಮಗೆಲ್ಲಿ ನೋಯುತ್ತಿದೆ ಎಂದು ಕೇಳುವವರು ಯಾರೂ ಇರುವುದಿಲ್ಲ.