ಡ್ರೈವರ್ ಫೋನ್ ಎತ್ತಬಾರದು

ಅಜ್ಜಿಯ ತಂಗಿಯನ್ನು ನಾಲ್ಕು ಗಂಟೆಗೆ ಆಪರೇಷನ್‌ಗೆ ಒಳಗೆ ಕರೆದೊಯ್ಯುವವರಿದ್ದರು. ಅದಕ್ಕೆ ಮೊದಲು ಮನೆಯ ಟ್ಯಾಬಿಗೆ ವೀಡಿಯೊ ಕಾಲ್ ಮಾಡಿ ಒಮ್ಮೆ ಅವಳ ಮುಖ ತೋರಿಸುತ್ತೇನೆಂದು ತಂಗಿಯ ಮಗ ಹೇಳಿದ್ದ. ಅಜ್ಜಿಯದು ಗುಂಡಿಯೊತ್ತುವ ಹಳೆಯ ಫೋನು. ಅದರಲ್ಲಿ ದನಿ ಕೇಳೀತೇ ಹೊರತು ಮುಖ ಕಾಣದು. ಬೆಳಗಿನಿಂದ ಅವಳು ಎರಡು ಸಲ ತಲೆ ಬಾಚಿಕೊಂಡಿದ್ದಳು.

ಆದರೆ ಟ್ಯಾಬು ಅಷ್ಟುಹೊತ್ತಿಗೆ ಬಸ್ಸಿನ ಮುಂದಿನ ಗಾಜಾಗಿ ಕೂತಿತ್ತು. ಮೂರೂವರೆ ವರ್ಷದ ಮೊಮ್ಮಗಳು ಚೂಟಿ ಅದರ ಮೇಲೆ ಬೆರಳಿನಿಂದಲೇ ಕಪ್ಪು ರಸ್ತೆ, ನೀಲಿ ಮರ, ಆರು ಕಾಲಿನ ಹಸು ಬರೆದು, ಕುರ್ಚಿಗೆ ಒರಗಿಸಿ, ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು ಹೊರಟೇಬಿಟ್ಟಿದ್ದಳು. ಹಿಂದಿನ ದಿಂಬುಗಳ ಮೇಲೆ ಎರಡು ಗೊಂಬೆ, ಒಂದು ಪೊರಕೆ, ಅಪ್ಪನ ಎಡಗಾಲಿನ ಬೂಟು. ಬಸ್ಸು ಭರ್ತಿ.

"ಇಳಿಯೇ ಬಂಗಾರ, ಚಿಕ್ಕಜ್ಜಿ ಫೋನ್ ಮಾಡ್ತಾಳೆ."

"ಕೊನೇ ಸ್ಟಾಪ್ ಬರೋವರ್ಗೂ ಡ್ರೈವರ್ ಇಳಿಯಲ್ಲ."

ಚೂಟಿಯ ಅಪ್ಪ ನಿಜವಾದ ಬಸ್ಸು ಓಡಿಸುವವನು. ಅವನ ನಿಯಮಗಳೆಲ್ಲ ಮಗಳಿಗೆ ಬಾಯಿಪಾಠ.

ಟ್ಯಾಬು ಹಾಡತೊಡಗಿತು. ಅಜ್ಜಿ ಎದ್ದು ಬರುವಷ್ಟರಲ್ಲಿ ಚೂಟಿ ಕೆಂಪು ಗುಂಡಿ ಒತ್ತಿಬಿಟ್ಟಳು.

"ಅಯ್ಯೋ, ಏನೇ ಮಾಡ್ದೆ!"

"ಬಸ್ ಓಡಿಸ್ವಾಗ ಫೋನ್ ಎತ್ತಬಾರ್ದು. ಅಪ್ಪ ಹೇಳಿದ್ದು."

ಮತ್ತೆ ಬಂತು. ಮತ್ತೆ ಕೆಂಪು. ಅಜ್ಜಿ ಟ್ಯಾಬಿಗೆ ಕೈ ಹಾಕಿದಳು. ಚೂಟಿ ಅದನ್ನು ಅವುಚಿಕೊಂಡು ತುಟಿ ಮುಂದೆ ಮಾಡಿದಳು. ಜಪ್ಪಯ್ಯ ಅಂದರೂ ಬಿಡುವ ಹಾಗಿರಲಿಲ್ಲ. ಕಿತ್ತುಕೊಂಡರೆ ರಂಪ. ಹೆದರಿ ಕೂತಿರುವ ತಂಗಿಗೆ ಈ ರಂಪವನ್ನು ತೋರಿಸುವುದೇ? ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು.

ಅಜ್ಜಿ ತರಕಾರಿ ಚೀಲವನ್ನು ಕಂಡಕ್ಟರನ ಹಾಗೆ ಹೆಗಲಿಗೆ ಏರಿಸಿಕೊಂಡು ಹಿಂದೆ ಬಂದು ನಿಂತಳು.

"ಹೋಲ್ಡಾನ್, ಹೋಲ್ಡಾನ್! ಡ್ರೈವರ್ ಸಾಹೇಬ್ರೇ, ಪ್ಯಾಸೆಂಜರ್ ಇದಾರೆ, ನಿಲ್ಸಿ!"

ಚೂಟಿ ಬಾಯಲ್ಲೇ 'ಕೀಂಯ್' ಎಂದು ಬ್ರೇಕ್ ಹಾಕಿದಳು. "ಎಲ್ಲಿ ಕಂಡಕ್ಟ್ರೇ?"

"ಈಗ ಬರ್ತಾರೆ ನೋಡಿ. ವಯಸ್ಸಾದವ್ರು. ಬಿಟ್ಟು ಹೋದ್ರೆ ಚೆನ್ನಾಗಿರಲ್ಲ."

ಟ್ಯಾಬು ಮೂರನೆಯ ಸಲ ಹಾಡಿತು. "ಬಂದ್ರು! ಹಸಿರು ಬಾಗ್ಲು ತೆಗೀರಿ!"

ಚೂಟಿ ತೆಗೆದಳು. ಟೋಪಿ ಹಾಕಿಕೊಂಡು, ಮುಖ ಬಿಳುಚಿಕೊಂಡ ತಂಗಿ ಕಂಡಳು.

"ಅಕ್ಕಾ, ಯಾಕೇ ಕಟ್ ಮಾಡ್ತಿದೀಯ? ನಂಗೆ ತುಂಬ ಭಯ ಆಗ್ತಿದೆ ಕಣೇ."

ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಧೈರ್ಯದ ಮಾತುಗಳನ್ನು ಅಜ್ಜಿ ಶುರುಮಾಡುವಷ್ಟರಲ್ಲಿ ತಟ್ಟೆಯ ಸ್ಟೇರಿಂಗ್ ತಿರುಗಿಸುತ್ತಾ ಡ್ರೈವರೇ ಕೇಳಿದಳು.

"ಎಲ್ಲಿಗೆ?"

ತಂಗಿ ಕಣ್ಣು ಪಿಳುಕಿಸಿದಳು. "ಒಳಗಡೆ ಆಪರೇಷನ್ ಕೋಣೆಗೆ, ಪುಟ್ಟಾ."

"ಬರೀ ಹೋಗೋದಕ್ಕಾ? ಹೋಗಿ ಬರೋದಕ್ಕಾ?"



ಅಜ್ಜಿ ಪೇಪರಿನ ಮೂಲೆಯನ್ನು ಪರ್ರನೆ ಹರಿದು ಟ್ಯಾಬಿನ ಮುಂದೆ ಹಿಡಿದಳು. "ಹೋಗಿ ಬರೋದಕ್ಕೇ ಟಿಕೆಟ್ ಕೊಟ್ಟಿದೀನಿ, ತಗೊಳಮ್ಮಾ. ಕಳ್ಕೋಬೇಡ."

ತಂಗಿ ಟೋಪಿ ಜಾರುವಷ್ಟು ನಕ್ಕಳು. ಯಾರೋ ಬಂದು ಅವಳ ಮಂಚವನ್ನು ತಳ್ಳತೊಡಗಿದರು.

"ಬಸ್ ನಿಲ್ಸ್ಕೊಂಡಿರ್ತೀಯೇನೇ ಡ್ರೈವರಮ್ಮಾ?"

"ನಿಲ್ಸ್ತೀನಿ. ಬೇಗ ಬಾ, ಹಿಂದ್ಗಡೆ ಎಲ್ಲಾರೂ ಬೈತಾರೆ."

"ರೈಟ್!" ಎಂದವಳು ತಂಗಿಯೇ.